ಗಿರಣಿಯ ತೌಡು, ಗಣಿಯ ಗುಡ್ಡ



ತುಪ್ಪ ಕಾಯಿಸಿದ ದಿನ ಬಾಂಡಲೆಯ ತಳದಲ್ಲಿ ಉಳಿಯುವ ಗಸಿ ನಿಮ್ಮ ಮನೆಯಲ್ಲಿ ಯಾರ ಪಾಲು? ಅದಕ್ಕೆ ಒಂದು ಹಿಡಿ ಅಕ್ಕಿಹಿಟ್ಟು ಹಾಕಿ ಬೆಚ್ಚಗೆ ಹುರಿದು, ಚೂರು ಬೆಲ್ಲ ಪುಡಿ ಮಾಡಿ ಬೆರೆಸಿ ಉಂಡೆ ಕಟ್ಟಿದರೆ ಮಕ್ಕಳು ತುಪ್ಪ ಬಿಟ್ಟು ಅದಕ್ಕೇ ಜಗಳ ಆಡುತ್ತಾರೆ. ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆ ಊಟದ ಕೊನೆಗೆ. ಅನ್ನ ಬಸಿದ ಗಂಜಿ ಹತ್ತಿ ಸೀರೆಗೆ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಬಾಯಿಗೆ. ರಸ ಹಿಂಡಿದ ಹುಣಸೆ ಸಿಪ್ಪೆ ತಾಮ್ರದ ಚೊಂಬಿಗೆ. ನಾವು ಮಾಡಲು ಹೊರಟದ್ದು ಒಂದು, ಅದರ ಜೊತೆಗೆ ತಾನಾಗಿ ಬಂದದ್ದು ಇನ್ನೊಂದು. ಹೀಗೆ ಜೊತೆಗೆ ಬಂದದ್ದಕ್ಕೆ ಶಾಲೆ ಪುಸ್ತಕದಲ್ಲಿ ಉಪೋತ್ಪನ್ನ ಅಂತ ದೊಡ್ಡ ಹೆಸರಿದೆ. ನಮ್ಮ ಅಡಿಗೆಮನೆಯಲ್ಲಿ ಅದಕ್ಕೆ ಹೆಸರೇ ಬೇಕಾಗಿಲ್ಲ, ಬಳಕೆ ಇದ್ದರೆ ಸಾಕು.

ಈ ಸಲ ಈ ಮಾತು ಎತ್ತಲು ಕಾರಣ ಒಂದು ಪತ್ರ. ಬಂಗಾರಪೇಟೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಕೆ.ಜಿ.ಎಫ್.ಗೆ ಹೋದ ಸೋದರಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರಾಂಶ ಇದು:

"ಅಕ್ಕಾ, ನಮ್ಮ ತೌರುಮನೆ ಬೀದಿಯಲ್ಲಿ ಅಕ್ಕಿ ಗಿರಣಿ ಇತ್ತು. ಅಲ್ಲಿ ಒಂದು ಚೂರೂ ಹಾಳಾಗುತ್ತಿರಲಿಲ್ಲ. ಇಲ್ಲಿ ನಮ್ಮ ಮನೆ ಹಿಂದೆಯೇ ಸೈನೈಡ್ ಗುಡ್ಡ. ಆಷಾಢದ ಗಾಳಿಗೆ ನೆಲ, ಹಾಸಿಗೆ, ನೆನೆಸಿದ ಉದ್ದಿನಬೇಳೆ, ಎಲ್ಲದರ ಮೇಲೂ ಬಿಳಿ ಪುಡಿ. ನಮ್ಮ ಅತ್ತೆಯವರು ಆ ಮಣ್ಣನ್ನು ಡಬ್ಬಿಯಲ್ಲಿ ತುಂಬಿಟ್ಟು ಪಾತ್ರೆ ಉಜ್ಜುತ್ತಾರೆ, ಫಳಫಳ ಹೊಳೆಯುತ್ತೆ ಅಂತಾರೆ. ನಮ್ಮ ಯಜಮಾನರು ಅದರಲ್ಲಿ ಇನ್ನೂ ಚಿನ್ನ ಇದೆ ಅಂತಾರೆ. ಹುಡುಗರು ಅದರ ಮೇಲೆ ಜಾರುಬಂಡಿ ಆಡ್ತಾರೆ. ಸೈನೈಡ್ ಅಂದರೆ ವಿಷ ಅಲ್ವಾ ಅಕ್ಕಾ? ನಮ್ಮ ಮಾವನವರಿಗೆ ಕೆಮ್ಮು ಬಿಟ್ಟೇ ಇಲ್ಲ. ನಾನು ಏನು ಮಾಡಲಿ? ಅತ್ತೆಗೆ ಹೇಗೆ ಹೇಳಲಿ?"

ತಂಗೀ, ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಒಂದೊಂದಾಗಿ ನೋಡೋಣ. ಮೊದಲು ನಿಮ್ಮ ತೌರಿನ ಗಿರಣಿಗೇ ಹೋಗೋಣ, ಏಕೆಂದರೆ ಗಣಿಯ ಲೆಕ್ಕ ಅರ್ಥವಾಗಬೇಕಾದರೆ ಭತ್ತದ ಲೆಕ್ಕ ಗೊತ್ತಿರಬೇಕು.

ನೂರು ಕೆ.ಜಿ. ಭತ್ತ ಗಿರಣಿಗೆ ಹಾಕಿದರೆ ಸುಮಾರು 20 ಕೆ.ಜಿ. ಹೊಟ್ಟು, 8 ಕೆ.ಜಿ. ಆಸುಪಾಸು ತೌಡು ಬರುತ್ತೆ. ಉಳಿದದ್ದು ಅಕ್ಕಿ, ನುಚ್ಚು ಸೇರಿ 65ರಿಂದ 70 ಕೆ.ಜಿ. ನುಚ್ಚು ಉಪ್ಪಿಟ್ಟಿಗೆ, ದೋಸೆಗೆ. ಹೊಟ್ಟು ಬಾಯ್ಲರಿನ ಒಲೆಗೆ, ಇಟ್ಟಿಗೆ ಗೂಡಿಗೆ. ತೌಡು ಹಸುವಿಗೆ. ತೌಡಿನಲ್ಲಿ ನೂರಕ್ಕೆ 15ರಿಂದ 20ರಷ್ಟು ಎಣ್ಣೆ ಇರುತ್ತೆ. ಅಂಗಡಿಯಲ್ಲಿ ಸಿಗುವ ತೌಡೆಣ್ಣೆ ಅದೇ. ಆದರೆ ಅಕ್ಕಿಯಿಂದ ಬೇರೆಯಾದ ಗಳಿಗೆಯಿಂದಲೇ ತೌಡಿನ ಎಣ್ಣೆ ಕೆಡಲು ಶುರು. ಹಳೇ ತೌಡಿಗೆ ಕನರು ವಾಸನೆ ಬರುವುದು ಇದಕ್ಕೇ. ಹಸು ಸಾಕಿದವರು ಗಮನಿಸಿ: ತೌಡನ್ನು ವಾರಕ್ಕೆ ಬೇಕಾದಷ್ಟೇ ತನ್ನಿ, ಕನರಾದದ್ದನ್ನು ಹಸು ಮೂಸಿ ಬಿಟ್ಟರೆ ಹಸುವನ್ನು ಬೈಯಬೇಡಿ.

ತೌಡಿನ ಬಗ್ಗೆ ಇನ್ನೊಂದು ಕತೆ ಹೇಳಲೇಬೇಕು. ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರಿದ್ದರು. ಅಲ್ಲಿ ಕಾಲು ಸೋತು, ನಡೆಯಲಾಗದೆ ಜನ ಸಾಯುವ ಬೆರಿಬೆರಿ ಎಂಬ ಕಾಯಿಲೆ. ಅವರು ಸಾಕಿದ ಕೋಳಿಗಳಿಗೂ ಅದೇ ತರಹ ಕಾಲು ಸೋತಿತು. ನೋಡಿದರೆ ಕೋಳಿಗಳಿಗೆ ಹಾಕುತ್ತಿದ್ದದ್ದು ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿ. ತೌಡು ಇರುವ ಅಕ್ಕಿ ಹಾಕಿದಾಗ ಕೋಳಿಗಳು ಎದ್ದು ಓಡಾಡಿದವು. ಮುಂದೆ ಅದೇ ಬಿ-1 ಜೀವಸತ್ವದ ಪತ್ತೆಗೆ ದಾರಿಯಾಗಿ, ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಾವು ಅಕ್ಕಿ ಬೆಳ್ಳಗಿರಲಿ ಅಂತ ಉಜ್ಜಿ ಉಜ್ಜಿ ತೆಗೆದದ್ದರಲ್ಲೇ ಸತ್ವ ಇತ್ತು ನೋಡಿ.

ದೊಡ್ಡ ಕಾರ್ಖಾನೆಗಳ ಕತೆಯೂ ಹೀಗೇ. ಕಲ್ಲಿದ್ದಲಿನಿಂದ ದೀಪದ ಗ್ಯಾಸ್ ತೆಗೆಯುವ ಕಾಲದಲ್ಲಿ ಉಳಿಯುತ್ತಿದ್ದ ಕರೀ ಟಾರು ಯಾರಿಗೂ ಬೇಡವಾದ ಪೀಡೆ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ಪರ್ಕಿನ್, ಆ ಟಾರಿನಿಂದ ಸಿಗುವ ವಸ್ತುವಿನಲ್ಲಿ ಮಲೇರಿಯಾ ಔಷಧಿ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಸೀರೆಗಳ ಕೃತಕ ಬಣ್ಣಗಳಿಗೆ ಅದೇ ನಾಂದಿ. ಟ್ರಂಕಿಗೆ ಹಾಕುವ ನುಸಿಗುಳಿಗೆ ಕೂಡ ಟಾರಿನ ಮಗುವೇ. ಸಾಬೂನು ಮಾಡುವಾಗ ಗ್ಲಿಸರಿನ್, ಸಕ್ಕರೆ ಮಾಡುವಾಗ ಕಾಕಂಬಿ. ಬೇಡವಾದದ್ದು ಯಾರಿಗೋ ಬೇಕಾದರೆ ಅದು ಉಪೋತ್ಪನ್ನ. ಯಾರಿಗೂ ಬೇಡವಾದರೆ ಅದು ಕಸ, ಬಿದ್ದಲ್ಲೇ ಬಿದ್ದಿರುತ್ತೆ.

ಈಗ ಗಣಿಗೆ ಬರೋಣ.

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದವರಿಗೆಲ್ಲ ಆ ಗುಡ್ಡಗಳು ಗೊತ್ತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು. ಅಲ್ಲಿಂದ ಗಣಿಗೆ ಈ ಕವಲು ಹಳಿ ಹಾಕಿದ್ದು 1894ರಲ್ಲಿ. ಗಾಡಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಅಂತ ಒಂದೊಂದೇ ಸ್ಟೇಷನ್ ದಾಟುವಾಗ ಕಿಟಕಿಯಲ್ಲಿ ನೆತ್ತಿ ಚಪ್ಪಟೆಯಾದ, ಮಳೆ ಕೊರೆದ, ಮಾಸಿದ ಬಿಳುಪಿನ ಗುಡ್ಡಗಳು ಕಾಣುತ್ತವೆ. 2018ರಲ್ಲಿ ಬಂದ ಸಿನಿಮಾದಲ್ಲೂ ಅವುಗಳನ್ನು ನೋಡಿದ್ದೀರಿ. ಅವು ದೇವರು ಮಾಡಿದ ಗುಡ್ಡಗಳಲ್ಲ. ಭೂಮಿಯೊಳಗಿನಿಂದ ಎತ್ತಿ ತಂದು, ಬೀಸಿ, ಚಿನ್ನ ತೆಗೆದುಕೊಂಡು ಬಿಟ್ಟ ಕಲ್ಲಿನ ಹಿಟ್ಟು.

ಚಿನ್ನ ತೆಗೆಯುವ ಕೆಲಸ ನಾವು ಅಕ್ಕಿ ಜಾಲಿಸುವ ಕೆಲಸದ ತದ್ರೂಪು. ಅಕ್ಕಿಯಲ್ಲಿ ಕಲ್ಲು ಭಾರ, ನೀರಿನಲ್ಲಿ ಅಲ್ಲಾಡಿಸಿದರೆ ತಳಕ್ಕೆ ಇಳಿಯುತ್ತೆ. ಮಣ್ಣಿನಲ್ಲಿ ಚಿನ್ನ ಭಾರ. 1802ರಲ್ಲಿ ವಾರನ್ ಎಂಬ ಬ್ರಿಟಿಷ್ ಸೈನ್ಯದ ಅಧಿಕಾರಿ ಈ ಕಡೆ ಸರ್ವೆಗೆ ಬಂದಾಗ, ಉರಿಗಾಂ ಜನ ಗಾಡಿಯಲ್ಲಿ ಮಣ್ಣು ತಂದು, ಅವನ ಎದುರಿಗೇ ನೀರಿನಲ್ಲಿ ತೊಳೆದು ಚಿನ್ನದ ಕಣ ತೋರಿಸಿದರಂತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಯಂತ್ರಗಳು ಬಂದವು. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟುತ್ತಿತ್ತು. ಆದರೂ ಬಹಳಷ್ಟು ಚಿನ್ನ ಪುಡಿಯ ಜೊತೆ ಹೋಗಿಬಿಡುತ್ತಿತ್ತು.

ಆಮೇಲೆ ಬಂದದ್ದು ಸೈನೈಡ್ ವಿಧಾನ. ಗ್ಲ್ಯಾಸ್ಗೋ ಊರಿನಲ್ಲಿ 1887ರಲ್ಲಿ ಕಂಡುಹಿಡಿದದ್ದು. ಸಕ್ಕರೆ ನೀರಿನಲ್ಲಿ ಕರಗುವ ಹಾಗೆ, ತೆಳುವಾದ ಸೈನೈಡ್ ನೀರಿನಲ್ಲಿ ಗಾಳಿಯ ಆಸರೆಯಿಂದ ಚಿನ್ನ ಕರಗುತ್ತೆ. ಕಲ್ಲಿನ ಪುಡಿ ಕರಗುವುದಿಲ್ಲ. ನೀರನ್ನು ಸೋಸಿ ಅದಕ್ಕೆ ಸತುವಿನ ಪುಡಿ ಹಾಕಿದರೆ ಚಿನ್ನ ಮತ್ತೆ ಗಟ್ಟಿಯಾಗಿ ಬೀಳುತ್ತೆ. ಉಳಿದ ಪುಡಿಯನ್ನು ನೀರಿನೊಡನೆ ಹೊರಗೆ ಹರಿಸಿ ಗುಡ್ಡೆ ಹಾಕಿದರು. ಅದಕ್ಕೇ ಸೈನೈಡ್ ಗುಡ್ಡ ಎಂದು ಹೆಸರು.

ಲೆಕ್ಕ ನೋಡಿ. ಆರಂಭದ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಮೇಲೆ, ಕೊನೆಕೊನೆಗೆ ಸಿಕ್ಕಿದ್ದು ಟನ್ನಿಗೆ ಮೂರು ಗ್ರಾಂ ಆಸುಪಾಸು. ಅಂದರೆ ಒಂದು ಸವರನ್ನಿಗೆ ಎರಡೂವರೆ ಟನ್ನಿಗೂ ಹೆಚ್ಚು ಕಲ್ಲು ಬೀಸಬೇಕು. ಖರ್ಚು ಗಿಟ್ಟಲಿಲ್ಲ. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿದ್ದ ಗಣಿ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು. ಉಳಿದದ್ದು ಹದಿಮೂರು ಗುಡ್ಡ, ಸುಮಾರು 3.3 ಕೋಟಿ ಟನ್ ಪುಡಿ.

ಇದನ್ನು ನಮ್ಮ ಕೊರಳಿನ ಲೆಕ್ಕಕ್ಕೆ ತರೋಣ. ಒಂದು ಗ್ರಾಂ ಚಿನ್ನಕ್ಕೆ ಇವತ್ತಿಗೂ ಕೆ.ಜಿ.ಎಫ್.ನಲ್ಲಿ ಬಿದ್ದಿರುವ ಪುಡಿ 40 ಕೆ.ಜಿ.ಗೂ ಹೆಚ್ಚು. ಎರಡು ಸವರನ್ ಮಾಂಗಲ್ಯದ ಸರಕ್ಕೆ 650 ಕೆ.ಜಿ.ಗೂ ಹೆಚ್ಚು, ಅಂದರೆ 25 ಕೆ.ಜಿ.ಯ ಅಕ್ಕಿ ಮೂಟೆ ಲೆಕ್ಕದಲ್ಲಿ 26 ಮೂಟೆ. ಸರ ಯಾವ ಊರಲ್ಲೋ ಯಾರ ಕೊರಳಲ್ಲೋ ಇದೆ. ಮೂಟೆಗಳು ಮಾತ್ರ ನಮ್ಮ ಈ ಸೋದರಿಯ ಹಿತ್ತಲಲ್ಲಿ ಇವೆ.

ಈಗ ಪ್ರಶ್ನೆಗಳಿಗೆ ಉತ್ತರ.

ಮೊದಲನೆಯದು, ಸೈನೈಡ್ ವಿಷ ಅಲ್ವಾ? ಹೌದು, ಘೋರ ವಿಷ. ಆದರೆ ಬಿಸಿಲು, ಗಾಳಿಗೆ ಒಡೆದು ಹೋಗುವುದು ಅದರ ಗುಣ. ಗಣಿ ಮುಚ್ಚಿಯೇ ಎರಡು ದಶಕ ದಾಟಿದೆ. ಗುಡ್ಡದ ಮೇಲ್ಮೈಯ ಪುಡಿ ಮುಟ್ಟಿದರೆ ಸತ್ತೇಹೋಗುತ್ತಾರೆ ಅನ್ನುವ ಭಯ ಬೇಡ. ಹಾಗಂತ ಅದು ನಿರಪಾಯ ಅಂತಲೂ ತಿಳಿಯಬೇಡಿ. ಹೆಸರಿನಲ್ಲಿರುವ ವಿಷಕ್ಕೆ ಹೆದರಿ, ಕಣ್ಣೆದುರಿಗಿರುವುದನ್ನು ಮರೆಯುತ್ತೇವೆ. ಕಣ್ಣೆದುರಿಗಿರುವುದು ಕಲ್ಲಿನ ಹಿಟ್ಟು. ರಂಗೋಲಿ ಪುಡಿಗಿಂತ ನುಣುಪು. ಅದರ ಬಹುಪಾಲು ಸಿಲಿಕಾ ಬೆರೆತ ಕಲ್ಲು. ನುಣ್ಣಗಿನ ಸಿಲಿಕಾ ಧೂಳು ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಸೇರುತ್ತಾ ಹೋದರೆ ಶ್ವಾಸಕೋಶ ಗಂಟುಗಂಟಾಗಿ ಗಟ್ಟಿಯಾಗುತ್ತೆ. ಅದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗದ ಬಗ್ಗೆ ಮೊದಲ ದೊಡ್ಡ ವರದಿ ಬಂದದ್ದೇ ಕೋಲಾರದ ಗಣಿಯಿಂದ, 1947ರಲ್ಲಿ. ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದರೆ, ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಜನರಿಗೆ ಅದು ಇತ್ತು.

ಅವರು ನೆಲದೊಳಗೆ ದಿನವಿಡೀ ಕಲ್ಲು ಕೊರೆದವರು. ಮನೆಗೆ ಹಾರಿ ಬರುವ ಧೂಳು ಅಷ್ಟಲ್ಲ. ಆದರೆ ಮಗು ಅದನ್ನೇ ಕೆದರಿ ಜಾರಾಡಿದರೆ, ನೀವು ದಿನಾ ಒಣ ಪೊರಕೆಯಲ್ಲಿ ಅದನ್ನೇ ಎಬ್ಬಿಸಿದರೆ, ಬೇಡವಾದದ್ದನ್ನು ನಾವೇ ಕರೆದು ಕೂರಿಸಿದ ಹಾಗೆ. ಜೊತೆಗೆ ಆ ಕಲ್ಲಿನಲ್ಲಿ ಗಂಧಕ ಬೆರೆತ ಖನಿಜಗಳಿದ್ದವು. ಮಳೆ, ಗಾಳಿಗೆ ಅವು ಹುಳಿಯಾಗುತ್ತವೆ. ಗುಡ್ಡದ ಮೇಲೆ ಹುಲ್ಲು ಸಲೀಸಾಗಿ ಹಿಡಿಯದಿರಲು ಅದೂ ಒಂದು ಕಾರಣ. ಗುಡ್ಡದ ಬುಡದಲ್ಲಿ ನಿಂತ ನೀರನ್ನು ದನಕ್ಕೂ ಕುಡಿಸಬೇಡಿ.

ಎರಡನೆಯದು, ಪಾತ್ರೆ ಉಜ್ಜುವುದು. ಬೇಡ ತಂಗೀ, ಖಂಡಿತಾ ಬೇಡ. ಹೊಳೆಯುತ್ತೆ ನಿಜ. ಆ ಪುಡಿ ಉಪ್ಪುಕಾಗದ ಇದ್ದಂತೆ, ಪಾತ್ರೆಯ ಮೈಯನ್ನೇ ತರಿದು ಹೊಳಪು ಕೊಡುತ್ತೆ. ಆ ಗೀರುಗಳಲ್ಲಿ ಪುಡಿ ಕೂರುತ್ತೆ. ಒಣ ಪುಡಿ ಡಬ್ಬಿ ತೆಗೆದು ಮುಚ್ಚುವಾಗ ಮೂಗಿಗೆ ಹೋಗುತ್ತೆ. ಅತ್ತೆಗೆ ಹೇಗೆ ಹೇಳೋದು ಅಂದಿರಿ. "ನಿಮಗೆ ಗೊತ್ತಿಲ್ಲ" ಅಂತ ಶುರು ಮಾಡಬೇಡಿ. ಅವರ ಕಾಲದಲ್ಲಿ ಒಲೆ ಬೂದಿ ಇತ್ತು, ಗ್ಯಾಸ್ ಬಂದ ಮೇಲೆ ಬೂದಿ ಹೋಯಿತು, ಕೈಗೆ ಸಿಕ್ಕಿದ್ದು ಆ ಮಣ್ಣು. ತಪ್ಪು ಅವರದಲ್ಲ. ಒಂದು ದಿನ ನೀವೇ ಹುಣಸೆ ಸಿಪ್ಪೆ, ಕಲ್ಲುಪ್ಪು ಹಚ್ಚಿ ದೇವರ ಮನೆಯ ಹಿತ್ತಾಳೆ ಸಾಮಾನು ಬೆಳಗಿ ತೋರಿಸಿ. ಸೀಗೆಪುಡಿ ಜರಡಿ ಹಿಡಿದ ಮೇಲೆ ಉಳಿಯುವ ಚರಟ, ತೆಂಗಿನ ನಾರು ಎರಡೂ ಎಣ್ಣೆ ಪಾತ್ರೆಗೆ ಚೆನ್ನ. ಹೊಳಪು ಕಂಡ ಮೇಲೆ ಡಬ್ಬಿ ತಾನೇ ಖಾಲಿಯಾಗುತ್ತೆ. ಅದೂ ಆಗದಿದ್ದರೆ ಮೊಮ್ಮಗನ ಹೆಸರು ಹೇಳಿ. ಅಜ್ಜಿಯರು ಸೊಸೆಯ ಮಾತು ಕೇಳದಿದ್ದರೂ ಮೊಮ್ಮಗನ ಕೆಮ್ಮಿಗೆ ಕರಗುತ್ತಾರೆ.

ಹಾಗೆಯೇ ಆ ಪುಡಿಯನ್ನು ಗಾರೆಗೆ, ಹೂಕುಂಡಕ್ಕೆ, ಅಂಗಳ ತುಂಬಿಸಲು ತರಬೇಡಿ. ಕೆ.ಜಿ.ಎಫ್.ನ ಈ ಪುಡಿಯಿಂದ ಇಟ್ಟಿಗೆ ಮಾಡಬಹುದೇ ಎಂದು ಸಂಶೋಧಕರು ಸಿಮೆಂಟು ಬೆರೆಸಿಯೂ, ಮಣ್ಣು ಬೆರೆಸಿ ಸುಟ್ಟೂ ಪ್ರಯೋಗ ಮಾಡಿದ್ದಾರೆ. ಪ್ರಯೋಗಶಾಲೆಯಲ್ಲಿ ಅಳೆದು ಮಾಡುವುದು ಬೇರೆ, ನಾವು ಮಂಕರಿಯಲ್ಲಿ ತುಂಬಿ ತರುವುದು ಬೇರೆ.

ಅಕ್ಕಿ ಗಿರಣಿ ಹತ್ತಿರ ಇರುವವರೂ ಒಂದು ಮಾತು ಕೇಳಿ. ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾನೇ. ಸಿಮೆಂಟಿನಲ್ಲಿ ಬೆರೆಸಲು ಅದಕ್ಕೆ ಬೆಲೆ ಬರುವುದೂ ಅದಕ್ಕೇ. ಅದು ಭತ್ತದ ಬೂದಿ, ದೇವರ ಪ್ರಸಾದ ಅಂತ ಹಲ್ಲುಜ್ಜಲು, ಒಣಗಿದ್ದನ್ನೇ ಕೇರಲು ಹೋಗಬೇಡಿ. ಒಳ್ಳೆಯ ಮನೆತನದಿಂದ ಬಂದದ್ದೆಲ್ಲ ಒಳ್ಳೆಯದೇ ಆಗಿರಬೇಕಾಗಿಲ್ಲ.

ಮೂರನೆಯದು, ಮನೆಯೊಳಗಿನ ಧೂಳು. ಇಷ್ಟು ಮಾಡಿ:

ಗಾಳಿ ಕಾಲದಲ್ಲಿ ಒಣ ಪೊರಕೆ ಹಿಡಿಯಬೇಡಿ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬೇಕಾದರೆ ಗುಡಿಸಿ. ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ಒಣಗಿಸಿ ಕೊಡವಬೇಡಿ.

ಗುಡ್ಡದ ಕಡೆಯ ಕಿಟಕಿಗೆ ಹಳೇ ಹತ್ತಿ ಸೀರೆಯ ಪರದೆ ಕಟ್ಟಿ, ಗಾಳಿ ಜೋರಾದಾಗ ನೀರು ಚಿಮುಕಿಸಿ.

ನೆನೆಸಿದ ಬೇಳೆ, ರುಬ್ಬಿದ ಹಿಟ್ಟು, ಕುಡಿಯುವ ನೀರು, ಮೊಸರಿನ ಪಾತ್ರೆ, ಇವಕ್ಕೆ ತಟ್ಟೆ ಮುಚ್ಚಿದರೆ ಸಾಲದು, ಬಟ್ಟೆ ಕಟ್ಟಿ ತಟ್ಟೆ ಮುಚ್ಚಿ. ಹಪ್ಪಳ ಸಂಡಿಗೆಯನ್ನು ಆಷಾಢಕ್ಕೆ ಮೊದಲೇ ಮುಗಿಸಿಬಿಡಿ.

ಮಕ್ಕಳು ಗುಡ್ಡದ ಕಡೆ ಹೋಗಿ ಬಂದರೆ ಹೊಸ್ತಿಲ ಹೊರಗೇ ಕೈಕಾಲು ಮುಖ ತೊಳೆಸಿ, ಬಟ್ಟೆ ಬದಲಾಯಿಸಿ. ಹೋಗಬೇಡ ಅಂದರೆ ಹೋಗೇ ಹೋಗುತ್ತಾರೆ. ಆಡಲು ಬೇರೆ ಜಾಗ ತೋರಿಸಿದರೆ ಮಾತು ನಿಲ್ಲುತ್ತೆ.

ಹಿತ್ತಲ ಬೇಲಿಗೆ ಹೊಂಗೆ, ಬೇವು ಹಾಕಿ. ಒಂದು ಸಾಲು ಮರ ಒಂದು ಗೋಡೆಯಷ್ಟು ಧೂಳು ತಡೆಯುತ್ತೆ. ನೆಟ್ಟ ಸಸಿಗೆ ಮೂರು ವರ್ಷ ನೀರು ಹಾಕುವ ತಾಳ್ಮೆ ಬೇಕು, ಅಷ್ಟೆ.

ಬಾವಿ ಅಥವಾ ಕೊಳವೆ ಬಾವಿ ನೀರು ಕುಡಿಯುವವರು ಒಂದು ಸಲ ಸರ್ಕಾರಿ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ. ಬೀದಿಯ ನಾಲ್ಕು ಜನ ಸೇರಿ ಕೇಳಿದರೆ ಕೆಲಸ ಸುಲಭ.

ನಾಲ್ಕನೆಯದು, ನಿಮ್ಮ ಮಾವನವರ ಕೆಮ್ಮು. ಅವರು ಗಣಿಯಲ್ಲಿ ಇದ್ದರೋ ಇಲ್ಲವೋ ನೀವು ಬರೆದಿಲ್ಲ. ಇದ್ದಿದ್ದರೆ, ಶುಂಠಿ ಕಷಾಯ, ಮೆಣಸಿನ ಸಾರು ಎಲ್ಲ ಗಂಟಲಿಗೆ ಹಿತ, ಆದರೆ ಅಲ್ಲಿಗೇ ನಿಲ್ಲಬೇಡಿ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಲೇಬೇಕು. ಸಿಲಿಕಾ ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತೆ. ಸಿಲಿಕೋಸಿಸ್ ವಾಸಿಯಾಗುವುದಿಲ್ಲ, ಆದರೆ ಕ್ಷಯ ಪೂರ್ತಿ ವಾಸಿಯಾಗುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. "ಗಣಿ ಕೆಮ್ಮು, ಇದ್ದದ್ದೇ" ಅಂತ ಬಿಟ್ಟರೆ ವಾಸಿಯಾಗುವುದನ್ನೂ ಕಳೆದುಕೊಳ್ಳುತ್ತೀರಿ. ವೈದ್ಯರ ಹತ್ತಿರ ಹೋದಾಗ ಎಷ್ಟು ವರ್ಷ ಗಣಿಯಲ್ಲಿ, ಯಾವ ಕೆಲಸ ಅನ್ನುವುದನ್ನು ಮರೆಯದೆ ಹೇಳಿ. ಗಂಡಸರು ಆ ಮಾತು ತಾವಾಗಿ ಹೇಳುವುದಿಲ್ಲ. ಜೊತೆಗೆ ಹೋದ ಹೆಂಗಸರೇ ಹೇಳಬೇಕು.

ಕೊನೆಗೆ ನಿಮ್ಮ ಯಜಮಾನರ ಮಾತು, ಅದರಲ್ಲಿ ಇನ್ನೂ ಚಿನ್ನ ಇದೆ ಅನ್ನುವುದು. ಅವರು ಹೇಳಿದ್ದು ಸುಳ್ಳಲ್ಲ. ಅಕ್ಕಸಾಲಿಯ ಅಂಗಡಿಯ ಕಸವನ್ನೇ ದುಡ್ಡು ಕೊಟ್ಟು ಕೊಂಡು, ತೊಳೆದು ಚಿನ್ನ ಹೆಕ್ಕುವವರಿದ್ದಾರೆ. ಗುಡ್ಡದಲ್ಲೂ ಟನ್ನಿಗೆ ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸು ಉಳಿದಿದೆ. ಅದನ್ನು ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾಪಕ್ಕೆ ನಮ್ಮ ರಾಜ್ಯದ ಸಚಿವ ಸಂಪುಟ 2024ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಹದಿಮೂರು ಗುಡ್ಡ, ಸಾವಿರ ಎಕರೆಗೂ ಸ್ವಲ್ಪ ಹೆಚ್ಚು ಜಾಗ. ಊರಿನ ಹುಡುಗರಿಗೆ ಮತ್ತೆ ಕೆಲಸ ಸಿಗಬಹುದು ಅನ್ನುವ ಆಸೆ. ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲಿಗೆ ನೇತಾಡಿಕೊಂಡು ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಗಂಡಂದಿರ, ಮಕ್ಕಳ ಮನೆಯಲ್ಲಿ ಆ ಆಸೆ ಸಣ್ಣದಲ್ಲ. ಅದನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಅಡಿಗೆಮನೆಯ ಲೆಕ್ಕ ಒಂದಿದೆ. ಒಂದು ಟನ್ ಪುಡಿಯಿಂದ ಒಂದು ಗ್ರಾಂ ತೆಗೆದರೆ ಉಳಿಯುವುದು ಎಷ್ಟು? ಒಂದು ಟನ್ನೇ. ಮೊಸರಿಂದ ಬೆಣ್ಣೆ ತೆಗೆದರೆ ಮಜ್ಜಿಗೆ ಆವಿಯಾಗಿ ಹೋಗುತ್ತಾ? ಚಿನ್ನ ತೆಗೆದ ಮಾತ್ರಕ್ಕೆ ಗುಡ್ಡ ಕರಗುವುದಿಲ್ಲ, ಜಾಗ ಬದಲಾಯಿಸುತ್ತೆ. ಅಗೆಯುವಾಗ ಇಷ್ಟು ವರ್ಷ ಮಳೆಗೆ ಹೆಪ್ಪುಗಟ್ಟಿದ ಮೇಲ್ಪದರ ಒಡೆಯುತ್ತೆ. ತೊಳೆಯಲು ನೀರು ಬೇಕು, ಚಿನ್ನ ಕರಗಿಸಲು ಮತ್ತೆ ರಾಸಾಯನಿಕ ಬೇಕು. ಆದ್ದರಿಂದ ಸಭೆ ಕರೆದಾಗ ಗಂಡಸರ ಹಿಂದೆ ನಿಂತು ಕೇಳಿಸಿಕೊಂಡು ಬರಬೇಡಿ. ಮುಂದೆ ಹೋಗಿ ನಾಲ್ಕು ಪ್ರಶ್ನೆ ಕೇಳಿ: ತೆಗೆದ ಮೇಲೆ ಉಳಿದದ್ದನ್ನು ಎಲ್ಲಿ ಹಾಕುತ್ತೀರಿ? ಧೂಳು ಏಳದಂತೆ ಏನು ಹೊದಿಸುತ್ತೀರಿ? ನೀರು ಎಲ್ಲಿಂದ ತಂದು ಎಲ್ಲಿಗೆ ಬಿಡುತ್ತೀರಿ? ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಕೆಲಸ, ಅವರ ಮೂಗಿಗೆ ಏನು ರಕ್ಷಣೆ? ಓದು ಬರಹ ಕಡಿಮೆ ಅಂತ ಸಂಕೋಚ ಬೇಡ. ಏನು ಉಳಿಯುತ್ತೆ, ಅದನ್ನು ಯಾರು ಎತ್ತುತ್ತಾರೆ ಅನ್ನುವ ಪ್ರಶ್ನೆಯನ್ನು ಪ್ರತಿ ಊಟದ ಮೇಲೂ ಕೇಳಿಕೊಂಡು ಬಂದವರು ನಾವು. ಇದರಲ್ಲಿ ನಮಗಿಂತ ಅನುಭವಸ್ಥರು ಬೇರೆ ಯಾರೂ ಇಲ್ಲ.

ನಿಮ್ಮ ತೌರಿನ ಗಿರಣಿಯಲ್ಲಿ ಏನೂ ಹಾಳಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ತೌಡಿಗೆ ಹಸು ಕಾಯುತ್ತಿತ್ತು, ಹೊಟ್ಟಿಗೆ ಒಲೆ ಕಾಯುತ್ತಿತ್ತು. ಗಣಿಯ ಪುಡಿಗೆ ಯಾರೂ ಕಾಯುತ್ತಿರಲಿಲ್ಲ. ಚಿನ್ನ ಕೊಂಡವರು ದೂರ ಇದ್ದರು, ಉಳಿದದ್ದು ದುಡಿದವರ ಮನೆಯ ಹಿಂದೆ ಬಿತ್ತು. ನಿಮ್ಮ ಕೈಲಾದದ್ದು ನಿಮ್ಮ ಹೊಸ್ತಿಲೊಳಗೆ ಅದನ್ನು ಬಿಟ್ಟುಕೊಳ್ಳದಿರುವುದು, ಹೊಸ್ತಿಲ ಹೊರಗೆ ಅದರ ಲೆಕ್ಕ ಕೇಳುವುದು.

ಇಷ್ಟು ಗಂಭೀರ ಮಾತಾಡಿದ ಮೇಲೆ ಬರೀ ಬಾಯಲ್ಲಿ ಕಳಿಸಬಾರದು. ಗಿರಣಿಯ ನುಚ್ಚಿನಿಂದ, ನಮ್ಮ ಕೋಲಾರದ ಕಡೆಯ ಅವರೆಕಾಯಿ ಕಾಲಕ್ಕೆ ಒಂದು ತಿಂಡಿ.

ಅವರೆಕಾಳು ನುಚ್ಚಿನ ಉಪ್ಪಿಟ್ಟು

ಬೇಕಾದದ್ದು: ಅಕ್ಕಿ ನುಚ್ಚು 1 ಪಾವು, ಎಳೆ ಅವರೆಕಾಳು ಅರ್ಧ ಪಾವು, ಹಸಿಮೆಣಸಿನಕಾಯಿ 4-5, ಶುಂಠಿ ಒಂದು ಚೂರು, ಕಾಯಿತುರಿ ಒಂದು ಹಿಡಿ, ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಕರಿಬೇವು, ಸಾಸಿವೆ, ಕಡಲೆಬೇಳೆ, ಚಿಟಿಕೆ ಇಂಗು, ಎಣ್ಣೆ 3 ಚಮಚ, ರುಚಿಗೆ ಉಪ್ಪು, ಅರ್ಧ ನಿಂಬೆಹಣ್ಣು.

ಮಾಡುವ ವಿಧಾನ: ನುಚ್ಚನ್ನು ಎರಡು ಸಲ ಜಾಲಿಸಿ ಕಲ್ಲು ತೆಗೆದು, ನೀರು ಬಸಿದು ಬಟ್ಟೆಯ ಮೇಲೆ ಹರಡಿ. ತೇವ ಆರಿದ ಮೇಲೆ ಬಾಂಡಲೆಯಲ್ಲಿ ಘಮ್ಮೆನ್ನುವ ತನಕ ಸಣ್ಣ ಉರಿಯಲ್ಲಿ ಹುರಿದಿಡಿ. ಅವರೆಕಾಳನ್ನು ಬೇರೆ ಪಾತ್ರೆಯಲ್ಲಿ ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಆ ನೀರನ್ನು ಚೆಲ್ಲದೆ ಇಟ್ಟುಕೊಳ್ಳಿ. ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಇಂಗು, ಮೆಣಸಿನಕಾಯಿ, ಶುಂಠಿ, ಕರಿಬೇವಿನ ಒಗ್ಗರಣೆ ಮಾಡಿ. ಸಬ್ಬಸಿಗೆ ಹಾಕಿ ಬಾಡಿಸಿ. ಕಾಳು ಬೇಯಿಸಿದ ನೀರೂ ಸೇರಿ ಎರಡೂವರೆ ಪಾವು ನೀರು ಹಾಕಿ, ಕುದಿ ಬಂದಾಗ ಕಾಳು, ಉಪ್ಪು ಸೇರಿಸಿ, ನುಚ್ಚನ್ನು ಉದುರಿಸುತ್ತಾ ಕೈಯಾಡಿಸಿ. ಮುಚ್ಚಿ ಸಣ್ಣ ಉರಿಯಲ್ಲಿ 12-15 ನಿಮಿಷ ಬಿಡಿ. ನುಚ್ಚು ಇನ್ನೂ ಗಟ್ಟಿ ಅನಿಸಿದರೆ ಬಿಸಿನೀರು ಚಿಮುಕಿಸಿ. ಇಳಿಸಿದ ಮೇಲೆ ಕಾಯಿತುರಿ, ನಿಂಬೆರಸ. ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಮಾವನವರೂ ಇನ್ನೊಂದು ಸಲ ಕೇಳುತ್ತಾರೆ.

ತಂಗೀ, ಮಾವನವರ ಎಕ್ಸ್‌ರೇ ಆದ ಮೇಲೆ ಒಂದು ಸಾಲು ಬರೆಯಿರಿ. ಅತ್ತೆಯವರ ಡಬ್ಬಿಗೆ ಏನಾಯಿತು ಅನ್ನುವುದನ್ನೂ ಬರೆಯಿರಿ. ಉಳಿದ ಸೋದರಿಯರು ನಿಮ್ಮ ನಿಮ್ಮ ಊರಿನ ಕಾರ್ಖಾನೆ, ಗಿರಣಿ, ಗಾಣ ಏನು ಬಿಡುತ್ತೆ, ಅದು ಎಲ್ಲಿಗೆ ಹೋಗುತ್ತೆ ಎಂದು ಒಮ್ಮೆ ಹಿತ್ತಲಿಗೆ ಹೋಗಿ ನೋಡಿ ತಿಳಿಸಿ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ಇಂತಿ,
ನಿಮ್ಮ ಅಕ್ಕ